ಮುಚ್ಚಳ ಹಾಕಿದ ಮೇಲಿನ ಎರಡು ವಾರ

(ಮಿನಿಯಾಪೊಲಿಸ್ ಕಡೆಯ ಕನ್ನಡ ಗೆಳೆಯರ ಕೂಟವೊಂದರಲ್ಲಿ ಆಡಿದ ಮಾತಿನ ಬರಹ ರೂಪ. ನಡುವೆ ಬಂದ ತಮಾಷೆ, ಹರಟೆ ಬಿಟ್ಟಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮನೆಯಲ್ಲಿ ಬಿಯರ್ ಮಾಡುವವರು ನಾಲ್ಕು ಜನ ಸೇರಿದರೆ ಮಾತೆಲ್ಲ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಬಗ್ಗೆ, ಹಾಪ್ಸ್ (ಕಹಿ, ಪರಿಮಳ ಕೊಡುವ ಹೂವು) ಬಗ್ಗೆ. ಯಾವ ಯೀಸ್ಟ್ ಹಾಕಿದೆ, ಎಷ್ಟು ಹೊತ್ತು ಕುದಿಸಿದೆ, ಬಣ್ಣ ಹೇಗೆ ಬಂತು. ಬಾಟಲಿಗೆ ತುಂಬಿ ಮುಚ್ಚಳ ಒತ್ತಿದ ಮೇಲೆ ಏನು ಮಾಡಿದಿರಿ ಅಂತ ಕೇಳಿ ನೋಡಿ. 'ಬೇಸ್‌ಮೆಂಟಿನಲ್ಲಿ ಇಟ್ಟೆ' ಅನ್ನುತ್ತಾರೆ. ಅಷ್ಟಕ್ಕೆ ಮಾತು ಮುಗಿಯಿತು. ಇವತ್ತು ನಾನು ಹೇಳಬೇಕು ಅಂತಿರುವುದು ಆ ಬೇಸ್‌ಮೆಂಟಿನ ಬಗ್ಗೆಯೇ. ಚಳಿಗಾಲದಲ್ಲಿ ನಮ್ಮ ಮಿನೆಸೋಟಾದ ಬೇಸ್‌ಮೆಂಟು ತಯಾರಾದ ಬಿಯರ್ ಇಡಲು ಒಳ್ಳೆಯ ಜಾಗ. ಬಿಯರ್ ತಯಾರಾಗಲು ಕೆಟ್ಟ ಜಾಗ. ಬಾಟಲಿಗೆ ತುಂಬುವ ದಿನ ಬಿಯರ್ ಇನ್ನೂ ತಯಾರಾಗಿರುವುದಿಲ್ಲ.

ಮೊದಲು ಕಾನೂನಿನ ಮಾತು ಒಂದಿಷ್ಟು ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ಮನೆ ಬಿಯರಿಗೆ ಫೆಡರಲ್ ಒಪ್ಪಿಗೆ ಸಿಕ್ಕಿದ್ದು 1978ರಲ್ಲಿ. ಜಿಮ್ಮಿ ಕಾರ್ಟರ್ ಸಹಿ ಹಾಕಿದರು. ಕಾನೂನು ಜಾರಿಗೆ ಬಂದದ್ದು 1979ರ ಫೆಬ್ರವರಿಯಲ್ಲಿ. ಮನೆಯಲ್ಲಿ ಒಬ್ಬರೇ ವಯಸ್ಕರಿದ್ದರೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ಜನ ಇದ್ದರೆ 200 ಗ್ಯಾಲನ್ ಮಾಡಿಕೊಳ್ಳಬಹುದು. ಮಾರುವ ಹಾಗಿಲ್ಲ. ಅಲಬಾಮಾ ಮತ್ತು ಮಿಸಿಸಿಪಿ ರಾಜ್ಯಗಳು ಒಪ್ಪಲು 2013ರವರೆಗೆ ಕಾದವು. ಇಂಗ್ಲೆಂಡಿನಲ್ಲಿ ಇದಕ್ಕೆ ಲೈಸೆನ್ಸ್ ಬೇಕಿಲ್ಲ ಅಂತಾದದ್ದು 1963ರಲ್ಲಿ. ಕರ್ನಾಟಕದಲ್ಲಿ ಲೈಸೆನ್ಸ್ ಇಲ್ಲದೆ ಮಾಡುವಂತಿಲ್ಲ. ಹಾಗಾಗಿ ಊರಿಗೆ ಫೋನ್ ಮಾಡಿ ತಮ್ಮನಿಗೆ ಇದನ್ನೆಲ್ಲ ಕಲಿಸಲು ಹೋಗಬೇಡಿ.

ಈಗ ವಿಷಯಕ್ಕೆ ಬರೋಣ. ಫರ್ಮೆಂಟರಿನಲ್ಲಿ, ಅಂದರೆ ಹುದುಗಿಸುವ ಪಾತ್ರೆಯಲ್ಲಿ, ಹುದುಗಿ ನಿಂತ ಬಿಯರಿನಲ್ಲಿ ಆಲ್ಕೋಹಾಲ್ ಇರುತ್ತದೆ, ರುಚಿ ಇರುತ್ತದೆ, ಗ್ಯಾಸ್ ಮಾತ್ರ ಸಾಲದು. ಕುಡಿದರೆ ಸಪ್ಪೆ. ಅದಕ್ಕೆ ಬಾಟಲಿಗೆ ತುಂಬುವ ಮೊದಲು ಅಳತೆಯಿಟ್ಟು ಸ್ವಲ್ಪ ಸಕ್ಕರೆ ಸೇರಿಸುತ್ತೇವೆ. ಇದೇ ಪ್ರೈಮಿಂಗ್ ಸಕ್ಕರೆ. ಬಿಯರ್ ಕಣ್ಣಿಗೆ ತಿಳಿಯಾಗಿ ಕಂಡರೂ ಅದರೊಳಗೆ ಪ್ರತಿ ಮಿಲಿಲೀಟರಿಗೆ ಲಕ್ಷಗಟ್ಟಲೆ ಯೀಸ್ಟ್ ಕಣಗಳು ತೇಲುತ್ತಿರುತ್ತವೆ. ಅವು ಆ ಸಕ್ಕರೆ ತಿಂದು ಒಂದಿಷ್ಟು ಆಲ್ಕೋಹಾಲ್, ಒಂದಿಷ್ಟು ಕಾರ್ಬನ್ ಡೈಆಕ್ಸೈಡ್ ಬಿಡುತ್ತವೆ. ಮುಚ್ಚಳ ಬಿಗಿಯಾಗಿದೆ. ಗ್ಯಾಸ್ ಹೊರಗೆ ಹೋಗಲು ದಾರಿಯಿಲ್ಲ. ಬಿಯರಿನಲ್ಲೇ ಕರಗುತ್ತದೆ.

ಈ ಕೆಲಸದಲ್ಲಿ ಉಷ್ಣಾಂಶ ಒಂದೇ ಕಡೆ ಬರುವುದಿಲ್ಲ. ಎಷ್ಟು ಸಕ್ಕರೆ ಅನ್ನುವ ಲೆಕ್ಕದಲ್ಲಿ ಬರುತ್ತದೆ, ಯೀಸ್ಟ್ ಎಷ್ಟು ಬೇಗ ತಿನ್ನುತ್ತದೆ ಅನ್ನುವಲ್ಲಿ ಬರುತ್ತದೆ, ಬಾಟಲಿ ಒಳಗಿನ ಒತ್ತಡದಲ್ಲಿ ಬರುತ್ತದೆ, ಕೊನೆಗೆ ಬಿಯರ್ ಎಷ್ಟು ಬೇಗ ಹಳಸುತ್ತದೆ ಅನ್ನುವಲ್ಲೂ ಬರುತ್ತದೆ. ನಾಲ್ಕಕ್ಕೂ ಒಂದೇ ಉತ್ತರ ಇಲ್ಲ. ಗೊಂದಲ ಹುಟ್ಟುವುದು ಅಲ್ಲಿಂದಲೇ.

ಸಕ್ಕರೆಯ ಲೆಕ್ಕವನ್ನೇ ಮೊದಲು ತೆಗೆದುಕೊಳ್ಳೋಣ. ಬಿಯರಿನ ಗ್ಯಾಸನ್ನು ವಾಲ್ಯೂಮ್ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಲೀಟರ್ ಬಿಯರಿನಲ್ಲಿ ಒಂದು ಲೀಟರ್ ಗ್ಯಾಸ್ ಕರಗಿದ್ದರೆ 1 ವಾಲ್ಯೂಮ್. ತೂಕದಲ್ಲಿ ಅದು ಲೀಟರಿಗೆ ಸುಮಾರು 2 ಗ್ರಾಂ. ನಾವು ಕಾಫಿಗೆ ಹಾಕುವ ಸಕ್ಕರೆ ಹುದುಗಿದಾಗ ತನ್ನ ತೂಕದ ಅರ್ಧದಷ್ಟು ಗ್ಯಾಸ್ ಕೊಡುತ್ತದೆ. ಅಂದರೆ ಲೀಟರಿಗೆ 4 ಗ್ರಾಂ ಸಕ್ಕರೆ ಹಾಕಿದರೆ 1 ವಾಲ್ಯೂಮ್. ಇಷ್ಟು ನೆನಪಿಟ್ಟುಕೊಂಡರೆ ಸಾಕು. ಮೆಕ್ಕೆಜೋಳದ ಸಕ್ಕರೆ ಬಳಸುವವರು ನೂರಕ್ಕೆ ಹತ್ತು ಹದಿನೈದರಷ್ಟು ಜಾಸ್ತಿ ಹಾಕಬೇಕು, ಅದರಲ್ಲಿ ನೀರಿನಂಶ ಇರುತ್ತದೆ. ಇಂಗ್ಲಿಷ್ ಏಲ್‌ಗಳಿಗೆ (ಏಲ್ ಅಂದರೆ ಬೆಚ್ಚಗೆ ಹುದುಗಿಸುವ ಬಗೆಯ ಬಿಯರ್) ಒಂದೂವರೆಯಿಂದ 2 ವಾಲ್ಯೂಮ್ ಸಾಕು. ಅಮೆರಿಕನ್ ಪೇಲ್ ಏಲ್‌ಗೆ 2.4 ಆಸುಪಾಸು. ಜರ್ಮನ್ ಗೋಧಿ ಬಿಯರಿಗೆ 3ರ ಮೇಲೆ.

ಹಾಗಾದರೆ 2.4 ಬೇಕಾದರೆ 2.4ಕ್ಕೆ ಆಗುವಷ್ಟು ಸಕ್ಕರೆ ಹಾಕಬೇಕಾ? ಇಲ್ಲ. ಹುದುಗುವಾಗ ಹುಟ್ಟಿದ ಗ್ಯಾಸಿನಲ್ಲಿ ಸ್ವಲ್ಪ ಆಗಲೇ ಬಿಯರಿನಲ್ಲಿ ಉಳಿದಿದೆ. ಎಷ್ಟು ಉಳಿದಿದೆ ಅನ್ನುವುದು ಉಷ್ಣಾಂಶದ ಮೇಲೆ ಹೋಗುತ್ತದೆ. ತಣ್ಣಗಿದ್ದಷ್ಟೂ ಗ್ಯಾಸ್ ಜಾಸ್ತಿ ಕರಗಿರುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 0.86 ವಾಲ್ಯೂಮ್, 10 ಡಿಗ್ರಿಯಲ್ಲಿ 1.2, 4 ಡಿಗ್ರಿಯಲ್ಲಿ 1.5.

ಇಲ್ಲೇ ತುಂಬ ಜನ ಎಡವುತ್ತಾರೆ. ಲೆಕ್ಕ ಹಾಕುವ ಆ್ಯಪ್ 'ಬಿಯರಿನ ಉಷ್ಣಾಂಶ ಎಷ್ಟು' ಅಂತ ಕೇಳುತ್ತದೆ. ಬಿಯರ್ ತಿಳಿಯಾಗಲಿ ಅಂತ ಎರಡು ದಿನ ಫ್ರಿಜ್ಜಿನಲ್ಲಿ ಇಟ್ಟಿರುತ್ತೀರಿ. ಥರ್ಮಾಮೀಟರ್ 4 ತೋರಿಸುತ್ತದೆ. 4 ಅಂತ ತುಂಬುತ್ತೀರಿ. ತಪ್ಪು. ಆ ಬಿಯರ್ ಹುದುಗಿದ್ದು 20 ಡಿಗ್ರಿಯಲ್ಲಿ. ಆಗಲೇ ಗ್ಯಾಸ್ ಫರ್ಮೆಂಟರಿನ ಏರ್‌ಲಾಕ್ ಅನ್ನುವ ಕಿಂಡಿಯಿಂದ ಬುಳುಬುಳು ಅಂತ ಹೊರಗೆ ಹೋಗಿದೆ. ಆಮೇಲೆ ತಣ್ಣಗೆ ಮಾಡಿದ ಮಾತ್ರಕ್ಕೆ ಹೋದ ಗ್ಯಾಸ್ ಮರಳಿ ಬರುವುದಿಲ್ಲ. ಫರ್ಮೆಂಟರಿನ ಮೇಲ್ಭಾಗದಲ್ಲಿ ನಿಂತದ್ದು ಒಂಚೂರು ಕರಗಬಹುದು, ಲೆಕ್ಕಕ್ಕೆ ಬರುವಷ್ಟಲ್ಲ. ಹುದುಗುವುದು ನಿಲ್ಲುವ ಹೊತ್ತಿನಲ್ಲಿ ಮತ್ತು ಆಮೇಲೆ ಬಿಯರ್ ಮುಟ್ಟಿದ ಅತಿ ಹೆಚ್ಚಿನ ಉಷ್ಣಾಂಶ ಯಾವುದೋ ಅದನ್ನೇ ಆ್ಯಪಿಗೆ ಕೊಡಬೇಕು.

ಸುಮ್ನೆ ಹೇಳುತ್ತಿಲ್ಲ, ಅಂಕಿ ನೋಡಿ. 19 ಲೀಟರ್ ಪೇಲ್ ಏಲ್ ಇದೆ, 2.4 ವಾಲ್ಯೂಮ್ ಬೇಕು. 20 ಡಿಗ್ರಿ ಅಂತ ಕೊಟ್ಟರೆ ಇನ್ನೂ ಒಂದೂವರೆ ವಾಲ್ಯೂಮ್ ಬೇಕು, ಅಂದರೆ ಸುಮಾರು 115 ಗ್ರಾಂ ಸಕ್ಕರೆ. 4 ಡಿಗ್ರಿ ಅಂತ ಕೊಟ್ಟರೆ ಆ್ಯಪು 70 ಗ್ರಾಂ ಒಳಗೇ ಮುಗಿಸಿಬಿಡುತ್ತದೆ. ಬಿಯರ್ ಕೊನೆಗೆ 1.75 ವಾಲ್ಯೂಮಿಗೆ ನಿಲ್ಲುತ್ತದೆ. ಇಂಗ್ಲಿಷ್ ಬಿಟರ್ ಆಗಿದ್ದರೆ ಪರವಾಗಿಲ್ಲ, ಪೇಲ್ ಏಲ್‌ಗೆ ಜೀವವೇ ಇರುವುದಿಲ್ಲ. ಆಮೇಲೆ ಯೀಸ್ಟ್ ಸರಿಯಿಲ್ಲ, ಮುಚ್ಚಳ ಸರಿಯಿಲ್ಲ ಅಂತ ಬೈಯುತ್ತೇವೆ.

ಸಕ್ಕರೆ ಸರಿ ಹಾಕಿದಿರಿ ಅಂತಿಟ್ಟುಕೊಳ್ಳಿ. ಈಗ ಬಾಟಲಿ ಎಲ್ಲಿಡಬೇಕು?

ಇಲ್ಲಿ ಕೂತವರಿಗೆಲ್ಲ ಜನವರಿಯ ಇಡ್ಲಿ ಹಿಟ್ಟು ಗೊತ್ತು. ಅಡುಗೆಮನೆಯ ಕಟ್ಟೆಯ ಮೇಲಿಟ್ಟರೆ ಬೆಳಗ್ಗೆ ಹಾಗೇ ಇರುತ್ತದೆ. ಓವನ್ ದೀಪ ಹಾಕಿ ಒಳಗಿಟ್ಟರೆ ಉಬ್ಬುತ್ತದೆ. ಹಿಟ್ಟಿನಲ್ಲಿ ದುಡಿಯುವುದು ಹೆಚ್ಚಾಗಿ ಬ್ಯಾಕ್ಟೀರಿಯಾ, ಇಲ್ಲಿ ಯೀಸ್ಟ್. ಆದರೆ ಚಳಿಗೆ ಇಬ್ಬರೂ ಸೋಮಾರಿಗಳೇ. ಹಾಗಂತ ಬಾಟಲಿಗಳನ್ನು ಓವನ್ನಿನಲ್ಲಿ ಇಡಬೇಡಿ. ಮನೆಯಲ್ಲಿ ಯಾರಾದರೂ ಗೊತ್ತಿಲ್ಲದೆ ಓವನ್ ಆನ್ ಮಾಡಿದರೆ ಹಿಟ್ಟು ಬೇಯುತ್ತದೆ ಅಷ್ಟೇ, ಗಾಜಿನ ಬಾಟಲಿ ಸಿಡಿಯುತ್ತದೆ.

ಸಾಮಾನ್ಯ ಏಲ್ ಯೀಸ್ಟಿಗೆ 18ರಿಂದ 24 ಡಿಗ್ರಿ ಒಳ್ಳೆಯದು. 21 ಡಿಗ್ರಿಯಲ್ಲಿ ಎರಡು ವಾರ ಇಟ್ಟರೆ ಹೆಚ್ಚಿನ ಬಿಯರುಗಳು ತಯಾರು. ಮೂರು ವಾರ ಕೊಟ್ಟರೆ ಇನ್ನೂ ನೆಮ್ಮದಿ. 15, 16 ಡಿಗ್ರಿಗೆ ಇಳಿದರೆ ತಿಂಗಳು ದಾಟುತ್ತದೆ. 12, 13ಕ್ಕೆ ಇಳಿದರೆ ಹಲವು ಏಲ್ ಯೀಸ್ಟುಗಳು ತಳಕ್ಕೆ ಕೂತು ಮಲಗಿಬಿಡುತ್ತವೆ. ಸಕ್ಕರೆ ಸಕ್ಕರೆಯಾಗಿಯೇ ಉಳಿಯುತ್ತದೆ. ಕುಡಿದರೆ ಸಪ್ಪೆಯ ಜೊತೆಗೆ ಸಣ್ಣ ಸಿಹಿ.

'ನನ್ನ ಬೇಸ್‌ಮೆಂಟು 15 ಡಿಗ್ರಿ ಇತ್ತು, ಅಲ್ಲೇ ಚೆನ್ನಾಗಿ ಹುದುಗಿತಲ್ಲ, ಬಾಟಲಿಗೆ ಮಾತ್ರ ಏನು ಕಷ್ಟ?' ಅಂತ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಉತ್ತರ ಇಷ್ಟು. ಫರ್ಮೆಂಟರಿನಲ್ಲಿ 19 ಲೀಟರ್ ರಸ, ತುಂಬ ಸಕ್ಕರೆ, ಹೊಸ ಯೀಸ್ಟ್. ಹುದುಗುವ ಭರದಲ್ಲಿ ಅದು ತಾನೇ ಶಾಖ ಹುಟ್ಟಿಸುತ್ತದೆ. ಕೋಣೆ 15 ಇದ್ದರೂ ಒಳಗೆ 18, 19 ಇರಬಹುದು. ಬಾಟಲಿಯಲ್ಲಿ ಹಾಗಲ್ಲ. ಮೂರು ಚಿಲ್ಲರೆ ಡೆಸಿಲೀಟರ್ ಬಿಯರ್, ಎರಡು ಗ್ರಾಂ ಸಕ್ಕರೆ. ಅಷ್ಟರಿಂದ ಶಾಖ ಹುಟ್ಟಿದರೂ ಗಾಳಿಗೆ ಹೋಗಿಬಿಡುತ್ತದೆ. ಬಾಟಲಿಗೆ ಕೋಣೆಯ ಉಷ್ಣಾಂಶವೇ ಗತಿ. ಅಲ್ಲದೆ ಆ ಯೀಸ್ಟ್ ಒಮ್ಮೆ ದುಡಿದು ದಣಿದಿದೆ. ಸುತ್ತ ಆಲ್ಕೋಹಾಲು, ಹುಳಿ. ತಿನ್ನಲು ಸಕ್ಕರೆ ಬಿಟ್ಟರೆ ಬೇರೇನೂ ಹೆಚ್ಚಿಲ್ಲ. ಮೊದಲ ಸಲಕ್ಕಿಂತ ಈಗ ಅದಕ್ಕೆ ಬೆಚ್ಚಗೆ ಬೇಕು.

ಗ್ಯಾಸು ಒಂದೇ ಕಾರಣವಲ್ಲ. ಬಾಟಲಿಯೊಳಗಿನ ಈ ಸಣ್ಣ ಹುದುಗುವಿಕೆಯಲ್ಲೂ ಡೈಅಸಿಟೈಲ್ ಹುಟ್ಟುತ್ತದೆ. ಥಿಯೇಟರ್ ಪಾಪ್‌ಕಾರ್ನಿನ ಬೆಣ್ಣೆ ವಾಸನೆ ಇದೆಯಲ್ಲ, ಅದು. ಯೀಸ್ಟ್ ಅದನ್ನು ಹುಟ್ಟಿಸುತ್ತದೆ, ಕೊನೆಗೆ ಅದೇ ಹೀರಿಕೊಳ್ಳುತ್ತದೆ. ಹೀರಿಕೊಳ್ಳಲು ಬೆಚ್ಚಗಿರಬೇಕು, ಸಮಯ ಬೇಕು. ಒಂದು ವಾರಕ್ಕೇ ಗ್ಯಾಸ್ ಬಂತು ಅಂತ ಎಲ್ಲವನ್ನೂ ಫ್ರಿಜ್ಜಿಗೆ ತುಂಬಿದರೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಗ್ಯಾಸ್ ಇದೆ, ಬೆಣ್ಣೆ ವಾಸನೆಯೂ ಇದೆ.

ಮನೆಯಲ್ಲಿ ಬೆಚ್ಚನೆಯ ಜಾಗ ಹುಡುಕುವುದು ದೊಡ್ಡ ವಿದ್ಯೆಯಲ್ಲ. ಮೇಲಿನ ಮಹಡಿಯ ಒಳಗೋಡೆ ಪಕ್ಕದ ಕ್ಲಾಸೆಟ್ಟು ನನ್ನ ಮೊದಲ ಆಯ್ಕೆ. ಹೊರಗೋಡೆ ಬೇಡ, ರಾತ್ರಿ ತಣ್ಣಗಾಗುತ್ತದೆ. ಬೇಸ್‌ಮೆಂಟೇ ಗತಿ ಅಂದರೆ ಕಾಂಕ್ರೀಟ್ ನೆಲದ ಮೇಲೆ ಇಡಬೇಡಿ, ಶೆಲ್ಫಿನ ಮೇಲೆ ಇಡಿ. ನೆಲಕ್ಕೂ ಎದೆಯೆತ್ತರಕ್ಕೂ ಕೆಲವು ಡಿಗ್ರಿ ವ್ಯತ್ಯಾಸ ಇರುತ್ತದೆ. ಅದೂ ಸಾಲದಿದ್ದರೆ ದೊಡ್ಡ ಐಸ್‌ಬಾಕ್ಸಿನಲ್ಲಿ ಬಾಟಲಿ ನಿಲ್ಲಿಸಿ, ಅರ್ಧದವರೆಗೆ ನೀರು ತುಂಬಿ, ಮೀನಿನ ತೊಟ್ಟಿಗೆ ಹಾಕುವ ಹೀಟರ್ ಇಳಿಬಿಡಿ. 22ಕ್ಕೆ ಇಟ್ಟರೆ 22ರಲ್ಲೇ ನಿಲ್ಲುತ್ತದೆ. ಉಷ್ಣಾಂಶ ಅಳೆಯುವಾಗ ಗಾಳಿಯದ್ದಲ್ಲ, ದ್ರವದ್ದು ಅಳೆಯಿರಿ. ಒಂದು ಬಾಟಲಿಯಲ್ಲಿ ನೀರು ತುಂಬಿ ಅದರಲ್ಲಿ ಥರ್ಮಾಮೀಟರ್ ಇಟ್ಟು ಉಳಿದ ಬಾಟಲಿಗಳ ನಡುವೆ ನಿಲ್ಲಿಸಿ. ಗೋಡೆಯ ಥರ್ಮೋಸ್ಟಾಟ್ ಹಾಲ್‌ನ ಕಥೆ ಹೇಳುತ್ತದೆ, ನಿಮ್ಮ ಬಾಟಲಿಯದ್ದಲ್ಲ.

ಇನ್ನೊಂದು ಉಪಾಯ ಇದೆ, ಇದನ್ನು ಯಾರೂ ಬಿಡಬಾರದು. ಪ್ರತಿ ಸಲ ಒಂದು ಖಾಲಿ ಪ್ಲಾಸ್ಟಿಕ್ ಸೋಡಾ ಬಾಟಲಿಗೂ ಅದೇ ಬಿಯರ್ ತುಂಬಿ. ತುಂಬಿದ ದಿನ ಒತ್ತಿದರೆ ಮೆತ್ತಗಿರುತ್ತದೆ. ದಿನ ಹೋದಂತೆ ಬಿಗಿಯಾಗುತ್ತದೆ. ಹೆಬ್ಬೆರಳಿಗೆ ಕಲ್ಲಿನಂತೆ ಸಿಕ್ಕರೆ ಗ್ಯಾಸ್ ಆಗಿದೆ ಅಂತ ಅರ್ಥ. ಗಾಜಿನ ಬಾಟಲಿ ಒಂದೊಂದೇ ತೆಗೆದು ಪರೀಕ್ಷೆ ಮಾಡುತ್ತಾ ಅರ್ಧ ಬ್ಯಾಚ್ ಮುಗಿಸುವ ಕಷ್ಟ ತಪ್ಪುತ್ತದೆ. ಕೆಲವರಿಗೆ ಆ ಕಷ್ಟವೇ ಇಷ್ಟ, ಅದು ಬೇರೆ ಮಾತು.

ಇದೆಲ್ಲ ಮನೆಯವರ ತಲೆಹರಟೆ ಅಂದುಕೊಳ್ಳಬೇಡಿ. ದೊಡ್ಡ ಬ್ರೂವರಿಗಳೂ ಹೀಗೇ ಮಾಡುತ್ತವೆ. ಬೆಲ್ಜಿಯಮ್ಮಿನ ಡುವೆಲ್ ಇದೆಯಲ್ಲ, ಅದನ್ನು ಬಾಟಲಿಗೆ ತುಂಬಿದ ಮೇಲೆ 24 ಡಿಗ್ರಿಯ ಬೆಚ್ಚನೆಯ ಕೋಣೆಯಲ್ಲಿ ಎರಡು ವಾರ ಇಡುತ್ತಾರೆ. ಆಮೇಲೆ ತಣ್ಣನೆಯ ಕೋಣೆಯಲ್ಲಿ ಆರು ವಾರ. ಮೊದಲು ಬಿಸಿ, ಆಮೇಲೆ ತಂಪು. ಕ್ರಮ ಇದೇ. ಆಸ್ಟ್ರೇಲಿಯಾದ ಅಡಿಲೇಡಿನಲ್ಲಿ 1862ರಿಂದ ನಡೆಯುತ್ತಿರುವ ಕೂಪರ್ಸ್ ಬ್ರೂವರಿಯ ಏಲ್‌ಗಳಲ್ಲೂ ಯೀಸ್ಟ್ ಬಾಟಲಿಯ ತಳದಲ್ಲೇ ಇರುತ್ತದೆ. ಅಲ್ಲಿನವರು ಬಾಟಲಿಯನ್ನು ಮೆಲ್ಲಗೆ ಉರುಳಿಸಿ, ಗಷ್ಟು ಕಲಸಿಯೇ ಕುಡಿಯುತ್ತಾರೆ.

ಶಾಂಪೇನ್ ಕತೆ ಬೇರೆ. ಅದನ್ನು 10, 12 ಡಿಗ್ರಿಯ ನೆಲಮಾಳಿಗೆಯಲ್ಲೇ ಬಾಟಲಿಯೊಳಗೆ ಹುದುಗಿಸುತ್ತಾರೆ. ಲೀಟರಿಗೆ ಸುಮಾರು 24 ಗ್ರಾಂ ಸಕ್ಕರೆ, ಒಳಗೆ ಹೊರಗಿನ ಗಾಳಿಯ ಆರು ಪಟ್ಟು ಒತ್ತಡ. ಆದರೆ ಅವರ ಯೀಸ್ಟ್ ಚಳಿ ತಡೆಯುವಂಥದ್ದು, ಬಾಟಲಿ ನಮ್ಮದಕ್ಕಿಂತ ಎಷ್ಟೋ ದಪ್ಪ, ಮತ್ತೆ ಮಾರುವ ಮೊದಲು ಕನಿಷ್ಠ 15 ತಿಂಗಳು ಕಾಯಬೇಕು ಅಂತ ಅವರಿಗೆ ನಿಯಮವೇ ಇದೆ. ಅಷ್ಟು ತಾಳ್ಮೆ ಇರುವವರು ಬೇಸ್‌ಮೆಂಟಿನಲ್ಲಿ ಧಾರಾಳವಾಗಿ ಇಡಿ.

ಇನ್ನು ಬಿಸಿ ಜಾಸ್ತಿಯಾದರೆ? ಇಲ್ಲಿ ಜುಲೈಯಲ್ಲೂ ಗ್ಯಾರೇಜು ಕಾಯುತ್ತದೆ. ಟೆಕ್ಸಾಸ್, ಅರಿಜೋನಾ ಕಡೆಯ ಗೆಳೆಯರ ಗ್ಯಾರೇಜುಗಳನ್ನು ಕೇಳಲೇಬೇಡಿ. ಬಿಸಿಯಲ್ಲಿ ಗ್ಯಾಸ್ ಬೇಗ ಬರುತ್ತದೆ ನಿಜ. ಅದರ ಜೊತೆಗೆ ಹಳಸುವುದೂ ಬೇಗ. ಬ್ರೂವರಿಗಳಲ್ಲಿ ಒಂದು ಲೆಕ್ಕ ಹೇಳುತ್ತಾರೆ: 3, 30, 300. ಸುಮಾರು 32 ಡಿಗ್ರಿಯಲ್ಲಿ 3 ದಿನ, 22 ಡಿಗ್ರಿಯಲ್ಲಿ 30 ದಿನ, 3 ಡಿಗ್ರಿಯಲ್ಲಿ 300 ದಿನ. ಮೂರರಲ್ಲೂ ಬಿಯರ್ ಹೆಚ್ಚುಕಡಿಮೆ ಒಂದೇ ಸಮ ಹಳಸಿರುತ್ತದೆ. ಹಳಸಿದ ಬಿಯರಿಗೆ ಒದ್ದೆ ರಟ್ಟಿನ ವಾಸನೆ ಬರುತ್ತದೆ. ಹಾಪ್ಸ್ ಪರಿಮಳ ಅದಕ್ಕೂ ಮೊದಲೇ ಹೋಗಿರುತ್ತದೆ. ನಮ್ಮ ಬಾಟಲಿಯಲ್ಲಿ ಜೀವಂತ ಯೀಸ್ಟ್ ಇರುವುದರಿಂದ ತುಂಬುವಾಗ ಸೇರಿದ ಆಮ್ಲಜನಕದಲ್ಲಿ ಸ್ವಲ್ಪವನ್ನು ಅದು ಹೀರಿಕೊಳ್ಳುತ್ತದೆ. ಅಷ್ಟು ಅನುಕೂಲ ಇದೆ. ಆದರೂ ಗ್ಯಾಸ್ ಆದ ಮೇಲೆ ಬಾಟಲಿಯನ್ನು ಬೆಚ್ಚಗೇ ಬಿಡಬೇಡಿ. ಈಗ ಬೇಸ್‌ಮೆಂಟಿಗೆ ಇಳಿಸಿ. ಈಗ ಅದು ಸರಿಯಾದ ಜಾಗ.

ಒತ್ತಡದ ಮಾತು. 2.4, 2.5 ವಾಲ್ಯೂಮ್ ಇರುವ ಬಾಟಲಿಯಲ್ಲಿ 4 ಡಿಗ್ರಿಯಲ್ಲಿ ಒತ್ತಡ 1 ಬಾರ್‌ಗಿಂತ ಕಡಿಮೆ (1 ಬಾರ್ ಅಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡದಷ್ಟು). 20 ಡಿಗ್ರಿಯಲ್ಲಿ ಸುಮಾರು 2 ಬಾರ್. 30 ಡಿಗ್ರಿಯಲ್ಲಿ ಎರಡೂವರೆ ದಾಟುತ್ತದೆ. ಗ್ಯಾಸ್ ಅಷ್ಟೇ ಇದೆ, ಉಷ್ಣಾಂಶ ಏರಿದ್ದಕ್ಕೆ ಒತ್ತಡ ಏರಿತು. ಸರಿಯಾಗಿ ಮಾಡಿದ ಬಿಯರಿನ ಒಳ್ಳೆಯ ಬಾಟಲಿ ಇದನ್ನು ತಡೆಯುತ್ತದೆ. ಸಿಡಿಯುವುದು ಬೇರೆ ಕಾರಣಕ್ಕೆ. ಫರ್ಮೆಂಟರಿನಲ್ಲಿ ಹುದುಗುವುದು ಮುಗಿಯುವ ಮೊದಲೇ ತುಂಬಿಬಿಟ್ಟರೆ ಸಿಡಿಯುತ್ತದೆ. ಬಿಯರಿನ ಸಾಂದ್ರತೆ ಅಳೆದು ಇನ್ನೂ ಎಷ್ಟು ಸಕ್ಕರೆ ಉಳಿದಿದೆ ಅಂತ ಹೇಳುವ ಹೈಡ್ರೋಮೀಟರ್ 1.016 ತೋರಿಸುತ್ತಿದೆ, ಅದು ಇಳಿಯಬೇಕಾದದ್ದು 1.012ಕ್ಕೆ ಅಂತಿಟ್ಟುಕೊಳ್ಳಿ. ಬಾಟಲಿಯಲ್ಲಿ ಒಂದೊಂದು ಪಾಯಿಂಟ್, ಅಂದರೆ 0.001, ಇಳಿದಾಗಲೂ ಸುಮಾರು ಅರ್ಧ ವಾಲ್ಯೂಮ್ ಗ್ಯಾಸ್ ಹುಟ್ಟುತ್ತದೆ. ನಾಲ್ಕು ಪಾಯಿಂಟಿಗೆ 2 ವಾಲ್ಯೂಮ್, ನೀವು ಹಾಕಿದ ಸಕ್ಕರೆಯ ಮೇಲೆ. ಒಟ್ಟು ನಾಲ್ಕೂವರೆ ಆಸುಪಾಸು. ಮಾಮೂಲಿ ಬಾಟಲಿ ಇದಕ್ಕೆ ಮಾಡಿದ್ದಲ್ಲ. ಎರಡು ಮೂರು ದಿನ ಬಿಟ್ಟು ಬಿಟ್ಟು ಅಳೆದು, ಅಂಕಿ ಕದಲುತ್ತಿಲ್ಲ ಅಂತ ಖಾತ್ರಿಯಾದ ಮೇಲೇ ತುಂಬಿ. ಸೇಸಾನ್ ಅನ್ನುವ ಬೆಲ್ಜಿಯನ್ ಬಗೆಯ ಬಿಯರಿಗೆ ಬಳಸುವ ಯೀಸ್ಟುಗಳಲ್ಲಿ ಡಯಾಸ್ಟಾಟಿಕಸ್ ಅನ್ನುವ ಬಗೆಯಿದೆ. ಬೇರೆ ಯೀಸ್ಟ್ ಮುಟ್ಟದ ಡೆಕ್ಸ್‌ಟ್ರಿನ್ ಅನ್ನುವ ಉದ್ದನೆಯ ಸಕ್ಕರೆ ಸರಪಳಿಗಳನ್ನೂ ಒಡೆದು ನಿಧಾನವಾಗಿ ತಿನ್ನುತ್ತಲೇ ಇರುತ್ತದೆ. ಅದನ್ನು ಬಳಸುವವರು ಇನ್ನೂ ಎರಡು ವಾರ ಕಾಯಿರಿ. ಬೆಚ್ಚಗೆ ಇಡುವ ದಿನಗಳಲ್ಲಿ ಎಲ್ಲ ಬಾಟಲಿಗಳನ್ನೂ ಮುಚ್ಚಳವಿರುವ ಗಟ್ಟಿ ಪ್ಲಾಸ್ಟಿಕ್ ಡಬ್ಬದೊಳಗೆ ಇಡುವುದು ಕಡ್ಡಾಯ ಅಂತಲೇ ತಿಳಿಯಿರಿ, ಮಕ್ಕಳಿರುವ ಮನೆಯಲ್ಲಂತೂ.

ಕೊನೆಗೆ ಫ್ರಿಜ್. ಗ್ಯಾಸ್ ತಯಾರಾದ ಮೇಲೂ ಒಂದು ಪಾಲು ಬಾಟಲಿಯ ಕುತ್ತಿಗೆಯಲ್ಲಿ, ಬಿಯರಿನ ಮೇಲಿನ ಖಾಲಿ ಜಾಗದಲ್ಲಿ ನಿಂತಿರುತ್ತದೆ. ತಣ್ಣಗಾದಾಗ ಅದು ಬಿಯರಿಗೆ ಇಳಿಯುತ್ತದೆ. ಅದಕ್ಕೆ ಕುಡಿಯುವ ಮೊದಲು ಎರಡು ಮೂರು ದಿನವಾದರೂ ಫ್ರಿಜ್ಜಿನಲ್ಲಿ ನಿಲ್ಲಿಸಿ. ಮಲಗಿಸಬೇಡಿ. ನಿಂತರೆ ಯೀಸ್ಟ್ ತಳದಲ್ಲಿ ಗಟ್ಟಿಯಾಗಿ ಕೂರುತ್ತದೆ, ಲೋಟಕ್ಕೆ ಬೀಳುವುದಿಲ್ಲ. ಸಂಜೆ ಅತಿಥಿ ಬರುತ್ತಾರೆ ಅಂತ ಮಧ್ಯಾಹ್ನ ಫ್ರೀಜರಿಗೆ ಹಾಕಿದ ಬಾಟಲಿ ತೆಗೆದಾಗ ಉಕ್ಕಿ, ಆಮೇಲೆ ಸಪ್ಪೆಯಾಗುವುದು ಇದೇ ಕಾರಣಕ್ಕೆ.

ಇಲ್ಲಿಗೆ ಮಾತು ನಿಲ್ಲಿಸಿದೆ. ಪ್ರಶ್ನೆಗಳು ಶುರುವಾದವು.

'ಲಾಗರಿಗೂ ಬೆಚ್ಚಗೇ ಇಡಬೇಕಾ? ಲಾಗರ್ ಅಂದರೇನೇ ತಂಪಲ್ವಾ?' ಅಂತ ಒಬ್ಬರು ಕೇಳಿದರು. ಹೌದು, ಬೆಚ್ಚಗೇ ಇಡಿ ಅಂದೆ. ಮುಖ್ಯ ಹುದುಗುವಿಕೆಯಲ್ಲಿ ತಂಪು ಬೇಕು, ರುಚಿ ಅಲ್ಲಿ ಹುಟ್ಟುತ್ತದೆ. ಬಾಟಲಿಯ ಎರಡು ಗ್ರಾಂ ಸಕ್ಕರೆಯಿಂದ ಬೇರೆ ರುಚಿ ಹುಟ್ಟುವುದು ತೀರಾ ಕಡಿಮೆ. ಆದರೆ ಲಾಗರನ್ನು ತಿಂಗಳುಗಟ್ಟಲೆ ತಣ್ಣಗಿಟ್ಟಿದ್ದರೆ ಯೀಸ್ಟ್ ಬಹುಪಾಲು ತಳ ಸೇರಿರುತ್ತದೆ. ತುಂಬುವ ದಿನ ಚಿಟಿಕೆ ಹೊಸ ಯೀಸ್ಟ್ ಸೇರಿಸಿ. ಒಂಬತ್ತು ಹತ್ತು ಪರ್ಸೆಂಟ್ ಆಲ್ಕೋಹಾಲಿನ ಬಿಯರಿಗೂ ಇದೇ ಮಾತು. ಅವುಗಳಿಗೆ ಎರಡು ವಾರ ಸಾಲದು, ಒಂದೆರಡು ತಿಂಗಳು ಕೊಡಿ.

'ಫ್ರಿಜ್ಜಿನಿಂದ ತೆಗೆದು ಮತ್ತೆ ಹೊರಗಿಟ್ಟರೆ ಬಿಯರ್ ಕೆಡುತ್ತದಂತೆ?' ಇದು ಎಲ್ಲರೂ ನಂಬಿರುವ ಮಾತು. ಒಮ್ಮೆ ತಂಪು ಒಮ್ಮೆ ಬಿಸಿಯಾದ ಮಾತ್ರಕ್ಕೆ ಕೆಡುವುದಿಲ್ಲ. ಆ ಕೆಟ್ಟ ನಾತ ಬರುವುದು ಬೆಳಕಿನಿಂದ. ಬಿಸಿಲು ಅಥವಾ ಟ್ಯೂಬ್‌ಲೈಟು ಹಾಪ್ಸ್‌ನ ಕಹಿ ಅಂಶವನ್ನು ಒಡೆಯುತ್ತದೆ. ಅದಕ್ಕೇ ಕಂದು ಬಾಟಲಿ. ಹಸಿರು, ಬಿಳಿ ಬಾಟಲಿ ಬಳಸುವವರು ಕತ್ತಲಲ್ಲಿ ಇಡಿ.

ಕೊನೆಯ ಪ್ರಶ್ನೆ ಹಿಂದಿನ ಸಾಲಿನಿಂದ ಬಂತು. 'ತಿಂಗಳಾಯಿತು, ಒಂದು ಗುಳ್ಳೆಯೂ ಇಲ್ಲ. ಮುಚ್ಚಳ ತೆಗೆದು ಇನ್ನೊಂದು ಚಮಚ ಸಕ್ಕರೆ ಹಾಕಲಾ?' ದಯವಿಟ್ಟು ಬೇಡ ಅಂದೆ. ಒಳಗೆ ಮೊದಲಿನ ಸಕ್ಕರೆ ಹಾಗೇ ಇರಬಹುದು. ಮೇಲೆ ಇನ್ನೊಂದು ಚಮಚ ಬಿದ್ದು, ಮುಂದೆ ಬೇಸಿಗೆಯಲ್ಲಿ ಯೀಸ್ಟ್ ಎದ್ದರೆ ಬಾಟಲಿ ಉಳಿಯುವುದಿಲ್ಲ. ಬಾಟಲಿಗಳನ್ನು ಬೆಚ್ಚನೆಯ ಕೋಣೆಗೆ ತನ್ನಿ. ಒಂದೊಂದನ್ನೂ ಮೆಲ್ಲಗೆ ತಲೆಕೆಳಗೆ ಮಾಡಿ, ತಳದ ಯೀಸ್ಟ್ ಎಬ್ಬಿಸಿ, ನೆಟ್ಟಗೆ ನಿಲ್ಲಿಸಿ. ಎರಡು ವಾರ ಬಿಟ್ಟು ಒಂದನ್ನು ಫ್ರಿಜ್ಜಿಗೆ ಹಾಕಿ, ತೆಗೆದು ನೋಡಿ. ಆಗಲೂ ಸಪ್ಪೆಯಾಗಿದ್ದರೆ ಮುಚ್ಚಳ ಒತ್ತುವ ಯಂತ್ರ ಸರಿಯಾಗಿ ಕೂರಿಸುತ್ತಿದೆಯಾ ಅಂತ ನೋಡಬೇಕು. ಮುಚ್ಚಿದ ಬಾಟಲಿಯನ್ನು ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ. ಅಂಚಿನಿಂದ ಗುಳ್ಳೆ ಬಂದರೆ ತಪ್ಪು ಉಷ್ಣಾಂಶದ್ದಲ್ಲ, ಮುಚ್ಚಳದ್ದು.